ಕೆಲಸದವರ ಮನಸ್ಸು ಕೆಲಸದಲ್ಲಿ ನಿಲ್ಲಬೇಕಾದರೆ: ಮುಂಬಯಿಯ ಸಣ್ಣ ಉದ್ದಿಮೆದಾರರಿಗೆ ಒಂದು ಮಾರ್ಗದರ್ಶಿ

ಠಾಣೆಯ ಹೋಟೆಲೊಂದರಲ್ಲಿ ಒಂಬತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತಿದ್ದ ಅಡುಗೆಯವರೊಬ್ಬರು ಒಂದು ಸೋಮವಾರ ಬೆಳಿಗ್ಗೆ ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೊರಟುಹೋದರು. ಆ ಹೋಟೆಲಿನ ಲೆಕ್ಕಪತ್ರ ನೋಡಿಕೊಳ್ಳುವವನು ನಾನಾದ್ದರಿಂದ ಅವರ ಬಾಕಿ ಪಗಾರ, ರಜೆಯ ಹಣ, ಮುಂಗಡದ ಕಡಿತ ಎಲ್ಲವನ್ನೂ ನಾನೇ ಕೂಡಿ ಕಳೆದು ಕೊಡಬೇಕಾಯಿತು. ಗಲ್ಲೆಯಲ್ಲಿ ಕುಳಿತಿದ್ದ ಧನಿಗಳು, ‘ಎರಡು ಸಾವಿರ ಜಾಸ್ತಿ ಸಿಕ್ಕಿತು, ಓಡಿದ; ಈಗಿನವರಿಗೆ ದುಡ್ಡೇ ದೇವರು’ ಎಂದು ಗೊಣಗಿದರು. ರಶೀದಿಗೆ ಸಹಿ ಹಾಕಿಸಿಕೊಳ್ಳುವಾಗ ನಾನು ಅಡುಗೆಯವರನ್ನೇ ಕೇಳಿದೆ. ಅವರು ಹೇಳಿದ್ದು ಬೇರೆಯೇ ಆಗಿತ್ತು: ‘ದುಡ್ಡಿನ ಮಾತಲ್ಲ ಮಾರಾಯ್ರೇ. ಹೊಸ ಮ್ಯಾನೇಜರ್ ಬಂದು ಅಕ್ಕಿ ಬದಲಾಯಿಸಿದರು, ನನ್ನನ್ನು ಒಂದು ಮಾತು ಕೇಳಲಿಲ್ಲ. ಹಿಟ್ಟು ಸರಿಯಾಗಿ ಹುಳಿ ಬರುವುದಿಲ್ಲ, ದೋಸೆ ಕಾವಲಿಗೆ ಹಿಡಿಯುತ್ತದೆ, ಗಿರಾಕಿ ಬೈಯುವುದು ನನಗೆ. ಒಂಬತ್ತು ವರ್ಷ ಹಿಟ್ಟಿನ ಹದ ನೋಡಿದವನಿಗೆ ಅಕ್ಕಿ ಯಾವುದೆಂದು ಹೇಳುವ ಹಕ್ಕಿಲ್ಲದಿದ್ದರೆ ಇಲ್ಲಾದರೇನು, ಇನ್ನೊಂದು ಕಡೆಯಾದರೇನು?’

ಹೆಚ್ಚಿಗೆ ಸಿಕ್ಕ ಎರಡು ಸಾವಿರ ರೂಪಾಯಿ ಸುಳ್ಳಲ್ಲ. ಆದರೆ ಅದು ಅವರು ಇಂಥ ಕಡೆಗೇ ಹೋದದ್ದಕ್ಕೆ ಕಾರಣವೇ ಹೊರತು ಇಲ್ಲಿಂದ ಎದ್ದದ್ದಕ್ಕೆ ಕಾರಣವಲ್ಲ. ಈ ಎರಡನ್ನು ಒಂದೇ ಎಂದು ತಿಳಿಯುವುದರಿಂದ ಮುಂಬಯಿಯ ನಮ್ಮ ಜನ ಕಳೆದುಕೊಂಡಿರುವ ಒಳ್ಳೆಯ ಕೈಗಳ ಲೆಕ್ಕವನ್ನು ಯಾವ ಖಾತೆ ಪುಸ್ತಕದಲ್ಲಿಯೂ ಬರೆಯುವ ಪದ್ಧತಿಯಿಲ್ಲ.

ನಾನೂ ಊರಿನಿಂದ ಬಂದು ಮುಂಬಯಿಯ ಕೋಟೆ (ಫೋರ್ಟ್) ಪ್ರದೇಶದ ಒಂದು ಹೋಟೆಲಿನಲ್ಲಿ ಕ್ಲೀನರ್ ಆಗಿ ಸೇರಿದವನು, ರಾತ್ರಿ ಶಾಲೆಯಲ್ಲಿ ಓದಿ ಲೆಕ್ಕದ ಕೆಲಸಕ್ಕೆ ಬಂದವನು. ಈಗ ಹೋಟೆಲು, ಸಣ್ಣ ಕಾರ್ಖಾನೆ, ಹತ್ತಿಪ್ಪತ್ತು ಜನರ ಕಚೇರಿ ಇಂಥವುಗಳ ಸಂಬಳ ಪಟ್ಟಿಯೂ ಹಾಜರಿ ಪುಸ್ತಕವೂ ತಿಂಗಳಿಗೊಮ್ಮೆ ನನ್ನ ಮೇಜಿನ ಮೇಲೆ ಬಂದು ಬೀಳುತ್ತವೆ. ಮುಂದಿನ ಮಾತುಗಳು ಐದರಿಂದ ಐವತ್ತು ಜನರನ್ನು ಇಟ್ಟುಕೊಂಡು ದುಡಿಸುವವರಿಗಾಗಿ ಬರೆದವು. ಕೆಲಸಕ್ಕೆ ಬರುವ ಹೆಚ್ಚಿನವರು ಉತ್ಸಾಹವನ್ನು ಜೊತೆಗೆ ತಂದೇ ಬರುತ್ತಾರೆ. ಅದನ್ನು ಹೊರಗಿನಿಂದ ತುಂಬುವ ಉಪಾಯ ಹುಡುಕುವುದಕ್ಕಿಂತ ನಾವು ಎಲ್ಲೆಲ್ಲಿ ಅದನ್ನು ಒಣಗಿಸುತ್ತಿದ್ದೇವೆಂದು ಕಂಡುಕೊಳ್ಳುವುದು ಅಗ್ಗವೂ ಹೌದು, ಹೆಚ್ಚು ಫಲ ಕೊಡುವುದೂ ಹೌದು ಎಂಬುದು ನನ್ನ ಅಭಿಪ್ರಾಯ. ಹೆಜ್ಜೆಗಳನ್ನು ಇಲ್ಲಿ ಹೇಳಿರುವ ಕ್ರಮದಲ್ಲಿಯೇ ಇಡಬೇಕು. ಮೊದಲನೆಯದನ್ನು ಬಿಟ್ಟು ಮೂರನೆಯದಕ್ಕೆ ಹಾರಿದರೆ ಕೆಲಸದವರು ಅದನ್ನು ನಾಟಕವೆಂದೇ ತಿಳಿಯುತ್ತಾರೆ.

ಮೊದಲು ಪಗಾರದ ಮಾತು ಮುಗಿಸಿ

ಹಣ ಮುಖ್ಯವಲ್ಲ ಎಂದು ಹೇಳುವವರ ಮಾತನ್ನು ನಂಬಬೇಡಿ. ಅವರಿಗೆ ಸಾಮಾನ್ಯವಾಗಿ ಹಣದ ಕೊರತೆ ಇರುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಅವರ ಜೊತೆಗಾರರು ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು 200 ಮಂದಿ ಎಂಜಿನಿಯರರನ್ನೂ ಲೆಕ್ಕಿಗರನ್ನೂ ಕೂರಿಸಿಕೊಂಡು, ಕೆಲಸದಲ್ಲಿ ನಿಮಗೆ ಬಹಳ ಸಂತೋಷವಾದ ಸಂದರ್ಭ ಯಾವುದು, ಬಹಳ ಬೇಸರವಾದ ಸಂದರ್ಭ ಯಾವುದು ಎಂದು ಕೇಳಿ, 1959ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಬೇಸರದ ಕಥೆಗಳಲ್ಲಿ ಸಂಸ್ಥೆಯ ನಿಯಮ, ಮೇಲ್ವಿಚಾರಕನ ವರ್ತನೆ, ಸಂಬಳ, ಕೆಲಸದ ಜಾಗದ ಸ್ಥಿತಿ ಇವು ಬಂದವು. ಸಂತೋಷದ ಕಥೆಗಳಲ್ಲಿ ಸಾಧಿಸಿದ ಕೆಲಸ, ಸಿಕ್ಕ ಮನ್ನಣೆ, ಕೆಲಸದ ಸ್ವರೂಪ, ಹೊಣೆ, ಬೆಳವಣಿಗೆ ಇವು ಬಂದವು. ಅಂದರೆ ಸಂಬಳ ಸರಿಯಿಲ್ಲದಿದ್ದರೆ ಮನಸ್ಸು ಕೆಡುತ್ತದೆ, ಸರಿಯಿದ್ದ ಮಾತ್ರಕ್ಕೆ ಮನಸ್ಸು ಅರಳುವುದಿಲ್ಲ. ಈ ಅಧ್ಯಯನಕ್ಕೆ ಟೀಕೆಗಳೂ ಇವೆ: ಒಳ್ಳೆಯದಾದರೆ ತನ್ನಿಂದ, ಕೆಟ್ಟದ್ದಾದರೆ ಪರರಿಂದ ಎಂದು ಹೇಳಿಕೊಳ್ಳುವುದು ಮನುಷ್ಯ ಸ್ವಭಾವವಾದ್ದರಿಂದ ಉತ್ತರಗಳು ಹೀಗೆ ಎರಡು ಪಾಲಾದವು ಎಂದು ಆಕ್ಷೇಪಿಸಿದವರಿದ್ದಾರೆ. ಆದರೂ ನಾನು ನೋಡಿದ ಹಾಜರಿ ಪುಸ್ತಕಗಳು ಒಟ್ಟಿನಲ್ಲಿ ಹರ್ಜ್‌ಬರ್ಗ್ ಅವರ ಪರವಾಗಿಯೇ ಸಾಕ್ಷಿ ಹೇಳುತ್ತವೆ.

ಆದ್ದರಿಂದ ಮೊದಲ ತಿಂಗಳು ಬೇರೇನನ್ನೂ ಮಾಡದೆ ಇಷ್ಟನ್ನು ಸರಿಪಡಿಸಿ. ಪಗಾರ ಪ್ರತಿ ತಿಂಗಳ 7ನೇ ತಾರೀಖಿನೊಳಗೆ ಕೈಸೇರಬೇಕು. ಇದು ಕಾನೂನಿನ ಮಾತೂ ಹೌದು. ಊರಿನಲ್ಲಿ ಸಂಘದ ಸಾಲದ ಕಂತು, ಮಗಳ ಶಾಲೆಯ ಶುಲ್ಕ ಇವೆಲ್ಲ ಆ ಒಂದು ತಾರೀಖಿಗೆ ಕಟ್ಟಿಹಾಕಿದ ಹಗ್ಗಗಳು, ನೀವು ನಾಲ್ಕು ದಿನ ತಡ ಮಾಡಿದರೆ ಅಲ್ಲಿ ಒಬ್ಬ ಹೆಂಗಸು ನಾಲ್ಕು ಮಂದಿಗೆ ಉತ್ತರ ಹೇಳಬೇಕಾಗುತ್ತದೆ. ಕೊಟ್ಟ ಮುಂಗಡ ಎಷ್ಟು, ಈ ತಿಂಗಳು ಮುರಿದುಕೊಂಡದ್ದೆಷ್ಟು, ಭವಿಷ್ಯನಿಧಿಗೆ ಮತ್ತು ಇ.ಎಸ್.ಐ. ಎಂಬ ನೌಕರರ ವಿಮೆಗೆ ಹೋದದ್ದೆಷ್ಟು ಎಂಬುದನ್ನು ಒಂದು ಚೀಟಿಯಲ್ಲಿ ಅವರಿಗೆ ಓದಲು ಬರುವ ಭಾಷೆಯಲ್ಲಿ ಬರೆದು ಕೊಡಿ. ಕಡಿತದ ಲೆಕ್ಕ ತಿಳಿಯದವನು ಧನಿ ಕದಿಯುತ್ತಿದ್ದಾರೆಂದೇ ತಿಳಿಯುತ್ತಾನೆ. ಕದಿಯದ ಧನಿಯೂ ಹೀಗೆ ಕಳ್ಳನಾಗುತ್ತಾನೆ.

ಟಿಪ್ಸ್ ಡಬ್ಬಿಯ ವಿಷಯವನ್ನು ಸಣ್ಣದೆಂದು ಬಿಡಬೇಡಿ. ವೇಟರ್ ಕೈಗೆ ಬಂದ ಟಿಪ್ಸ್ ವೇಟರಿಗೇ ಸೇರಬೇಕೋ, ಒಳಗೆ ಪಾತ್ರೆ ತೊಳೆಯುವವರಿಗೂ ಪಾಲು ಹೋಗಬೇಕೋ ಎಂಬುದರಲ್ಲಿ ಎರಡು ಅಭಿಪ್ರಾಯಗಳಿವೆ, ಎರಡೂ ನಡೆಯುತ್ತವೆ. ನಡೆಯದಿರುವುದು ಒಂದೇ: ಡಬ್ಬಿಯ ಕೀಲಿ ಯಾರ ಬಳಿ ಇದೆ, ಯಾವಾಗ ಎಣಿಸುತ್ತಾರೆ ಎಂಬುದು ಯಾರಿಗೂ ಗೊತ್ತಿಲ್ಲದ ಸ್ಥಿತಿ. ಶನಿವಾರ ರಾತ್ರಿ ಎಲ್ಲರೆದುರು ಎಣಿಸಿ ಹಂಚಿದ ಹೋಟೆಲುಗಳಲ್ಲಿ ಈ ಕುರಿತು ಜಗಳವಾದದ್ದನ್ನು ನಾನು ನೋಡಿಲ್ಲ.

ಮನುಷ್ಯ ತನ್ನ ಸಂಬಳವನ್ನು ಪಕ್ಕದವನ ಸಂಬಳದ ಜೊತೆಗಿಟ್ಟು ಅಳೆಯುತ್ತಾನೆ. ತನ್ನ ದುಡಿಮೆಗೂ ಪ್ರತಿಫಲಕ್ಕೂ ಇರುವ ಪ್ರಮಾಣ ಇನ್ನೊಬ್ಬನದರಂತೆಯೇ ಇದೆಯೇ ಎಂಬುದು ಅವನ ಪ್ರಶ್ನೆ. ಜಾನ್ ಸ್ಟೇಸಿ ಆಡಮ್ಸ್ ಎಂಬ ಮನಶ್ಶಾಸ್ತ್ರಜ್ಞ 1960ರ ದಶಕದಲ್ಲಿ ಇದನ್ನೇ ಒಂದು ಸಿದ್ಧಾಂತವಾಗಿ ಮಂಡಿಸಿದರು. ಧನಿಗಳ ಅಕ್ಕನ ಮಗ ಗಲ್ಲೆಯಲ್ಲಿ ಕುಳಿತು ಮೊಬೈಲ್ ನೋಡುತ್ತ, ವೇಟರುಗಳ ಮೇಲ್ವಿಚಾರಕನಾದ ಕ್ಯಾಪ್ಟನ್‌ಗಿಂತ ಹೆಚ್ಚು ಪಡೆಯುತ್ತಿದ್ದರೆ ಆ ಸಂಗತಿ ಗುಟ್ಟಾಗಿ ಉಳಿಯುತ್ತದೆಂದು ಭಾವಿಸಬೇಡಿ. ಅಳಿಯನಿಗೆ ಕೊಡುವುದನ್ನು ಮನೆಯಲ್ಲಿ ಕೊಡಿ, ಸಂಬಳ ಪಟ್ಟಿಯಲ್ಲಿ ಬೇಡ.

ಹೋಟೆಲಿನವರಿಗೆ ಇನ್ನೊಂದು ಮಾತು: ರಾತ್ರಿ ಮೇಜುಗಳನ್ನು ಸರಿಸಿ ಅಲ್ಲಿಯೇ ಮಲಗುವ ಹುಡುಗರಿಗೆ ಫ್ಯಾನು, ಸೊಳ್ಳೆ ಪರದೆ, ಬಟ್ಟೆ ಇಡಲು ಬೀಗವಿರುವ ಒಂದೊಂದು ಪೆಟ್ಟಿಗೆ, ಬೆಳಿಗ್ಗೆ ಸ್ನಾನಕ್ಕೆ ಸಾಕಷ್ಟು ನೀರು ಇವು ಇವೆಯೇ ಎಂದು ಒಂದು ರಾತ್ರಿ ಹನ್ನೆರಡು ಗಂಟೆಗೆ ಸ್ವತಃ ಹೋಗಿ ನೋಡಿ.

ಆಮೇಲೆ ಕೇಳಿ, ಬರೆದುಕೊಳ್ಳಿ

ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿಯ ಗಿರಾಕಿಗಳು ಬರುವ ಮುನ್ನ, ಮೂರೂವರೆಯಿಂದ ನಾಲ್ಕೂವರೆಯ ನಡುವೆ, ಮುಂಬಯಿಯ ಎಲ್ಲ ಉಡುಪಿ ಹೋಟೆಲುಗಳಲ್ಲಿ ಒಂದು ಮೌನದ ಗಂಟೆ ಇರುತ್ತದೆ. ಆ ಹೊತ್ತಿನಲ್ಲಿ ದಿನಕ್ಕೊಬ್ಬರಂತೆ ಕರೆದು ಹಿಂಬಾಗಿಲ ಬಳಿ ಎರಡು ಕಟಿಂಗ್ ಚಹಾ ಇಟ್ಟುಕೊಂಡು ಕೂತುಕೊಳ್ಳಿ. ಗಲ್ಲೆಯ ಮುಂದೆ ನಿಲ್ಲಿಸಿ ಕೇಳಬೇಡಿ. ಗಲ್ಲೆಯ ಮುಂದೆ ನಿಂತವನಿಗೆ ತಾನು ತಪ್ಪು ಮಾಡಿ ಬಂದಂತೆಯೇ ಅನಿಸುತ್ತದೆ. ವಯಸ್ಸಿನಲ್ಲಿ ದೊಡ್ಡವರಿಗೆ ‘ನೀವು’ ಎನ್ನುವ ರೂಢಿ ಇಲ್ಲದಿದ್ದರೆ ಇಂದಿನಿಂದ ಆರಂಭಿಸಿ.

‘ಏನಾದರೂ ತೊಂದರೆ ಇದೆಯಾ?’ ಎಂದು ಕೇಳಿದರೆ ‘ಇಲ್ಲ ಧನಿಗಳೇ’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ನಾನು ಹಲವು ವರ್ಷಗಳಿಂದ ಮಾಲೀಕರಿಗೆ ಹೇಳಿಕೊಡುತ್ತಿರುವ ಪ್ರಶ್ನೆಗಳು ಮೂರು. ‘ನಿನ್ನೆ ಯಾವ ಕೆಲಸವನ್ನು ಎರಡು ಸಲ ಮಾಡಬೇಕಾಯಿತು?’ ಎಂಬುದು ಮೊದಲನೆಯದು. ಇದರಲ್ಲಿ ಯಾರ ಮೇಲೂ ದೂರಿಲ್ಲ, ಆದ್ದರಿಂದ ಜನ ಧೈರ್ಯವಾಗಿ ಉತ್ತರಿಸುತ್ತಾರೆ, ಉತ್ತರದಲ್ಲಿ ವ್ಯವಸ್ಥೆಯ ದೋಷ ತಾನಾಗಿ ಹೊರಬೀಳುತ್ತದೆ. ‘ಯಾವ ಕೆಲಸವನ್ನು ಬೇರೆಯವರು ಮಾಡಿದರೆ ನಿಮಗೆ ಸಮಾಧಾನವಾಗುವುದಿಲ್ಲ?’ ಎಂಬುದು ಎರಡನೆಯದು. ಮನುಷ್ಯನ ಅಭಿಮಾನ ಎಲ್ಲಿ ನೆಲೆಗೊಂಡಿದೆಯೆಂದು ತಿಳಿಯಲು ಇದಕ್ಕಿಂತ ನೇರವಾದ ದಾರಿ ನನಗೆ ಗೊತ್ತಿಲ್ಲ. ಪಾತ್ರೆ ತೊಳೆಯುವ ಒಬ್ಬರು ಈ ಪ್ರಶ್ನೆಗೆ, ‘ಫಿಲ್ಟರ್ ಕಾಫಿಯ ಲೋಟ. ಅದಕ್ಕೆ ಸೋಪಿನ ವಾಸನೆ ಉಳಿದರೆ ಕಾಫಿ ಹಾಳು. ಬೇರೆಯವರು ಎರಡನೇ ಸಲ ನೀರು ಹಾಕುವುದಿಲ್ಲ’ ಎಂದರಂತೆ. ಇಪ್ಪತ್ತು ವರ್ಷದಿಂದ ತಮ್ಮ ಕಾಫಿಯ ಹೆಸರನ್ನು ಪುಡಿಗೂ ಹಾಲಿಗೂ ಅರ್ಪಿಸಿಕೊಂಡು ಬಂದಿದ್ದ ಆ ಮಾಲೀಕರು ಅಂದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದರಂತೆ. ಮೂರನೆಯದು, ‘ನಾನು ಎರಡು ದಿನ ಊರಿಗೆ ಹೋದರೆ ಇಲ್ಲಿ ನೀವು ಏನನ್ನು ಬದಲಾಯಿಸುತ್ತೀರಿ?’ ಇದನ್ನು ನಗುತ್ತಲೇ ಕೇಳಬೇಕು.

ಉತ್ತರವನ್ನು ಅವರೆದುರೇ ಒಂದು ನೋಟುಪುಸ್ತಕದಲ್ಲಿ ತಾರೀಖು ಹಾಕಿ ಬರೆಯಿರಿ. ಹತ್ತು ಜನರ ಮಾತು ಕೇಳಿದ ಮೇಲೆ, ಅವುಗಳಲ್ಲಿ ಕಡಿಮೆ ಖರ್ಚಿನದೊಂದನ್ನು ಆರಿಸಿ ಒಂದು ವಾರದೊಳಗೆ ಮಾಡಿ ಮುಗಿಸಿ. ಕೇಳಿ ಏನನ್ನೂ ಮಾಡದಿರುವುದು ಕೇಳದೇ ಇರುವುದಕ್ಕಿಂತ ಕೆಟ್ಟದ್ದು. ಮುಂದಿನ ಸಲ ಚಹಾ ಕುಡಿದು ಎದ್ದುಹೋಗುತ್ತಾರೆ, ಅಷ್ಟೇ.

ಕಾವಲಿ ಹಿಡಿದವರ ಕೈಗೆ ನಿರ್ಧಾರ

ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಇಬ್ಬರು ಅಮೆರಿಕನ್ ಮನಶ್ಶಾಸ್ತ್ರಜ್ಞರು ದಶಕಗಳ ಕಾಲ ನಡೆಸಿದ ಕೆಲಸದ ಸಾರವೆಂದರೆ, ಮನುಷ್ಯನಿಗೆ ಮೂರು ಹಸಿವುಗಳಿವೆ: ತನ್ನ ಕೆಲಸದಲ್ಲಿ ತನ್ನ ಮಾತು ನಡೆಯಬೇಕು, ತನ್ನ ಕೈ ಪಳಗುತ್ತಿದೆ ಎಂದು ತನಗೇ ತಿಳಿಯಬೇಕು, ಸುತ್ತಲಿನವರು ತನ್ನವರೆನಿಸಬೇಕು. ಠಾಣೆಯ ಅಡುಗೆಯವರ ಅಕ್ಕಿಯ ಪ್ರಕರಣದಲ್ಲಿ ಈ ಮೂರೂ ಒಂದೇ ಏಟಿಗೆ ಹೋದವು. ಅಕ್ಕಿಯನ್ನು ಆರಿಸುವ ಅಧಿಕಾರ ಮ್ಯಾನೇಜರರದು, ದೋಸೆ ಕೆಟ್ಟರೆ ಬೈಗುಳ ಅಡುಗೆಯವರಿಗೆ. ಹೊಣೆಯಿದ್ದು ಅಧಿಕಾರವಿಲ್ಲದ ಜಾಗದಲ್ಲಿ ಯಾವ ಸ್ವಾಭಿಮಾನಿಯೂ ಹೆಚ್ಚು ದಿನ ನಿಲ್ಲುವುದಿಲ್ಲ. ನಿಂತರೆ ಸ್ವಾಭಿಮಾನ ಬಿಟ್ಟು ನಿಲ್ಲುತ್ತಾನೆ, ಅದು ನಿಮಗೆ ಇನ್ನೂ ದುಬಾರಿ.

ಹೆಚ್ಚು ಓದದವರಿಗೆ ನಿರ್ಧಾರ ಬಿಟ್ಟುಕೊಟ್ಟರೆ ಎಲ್ಲ ಹಾಳಾಗುತ್ತದೆ ಎನ್ನುವವರು ನಮ್ಮ ಕಣ್ಣೆದುರಿಗಿರುವ, ಮನೆಯೂಟದ ಡಬ್ಬಿಗಳನ್ನು ಕಚೇರಿಗಳಿಗೆ ಮುಟ್ಟಿಸುವ ಡಬ್ಬಾವಾಲರನ್ನು ನೋಡಬೇಕು. 1890ರಲ್ಲಿ ಮಹಾದೇವ ಹಾವಾಜಿ ಬಚ್ಚೆ ಆರಂಭಿಸಿದ ಈ ಕೆಲಸ ಇಂದಿಗೂ ನಡೆಯುತ್ತಿದೆ. ಕೊರೊನಾ ಕಾಲದ ನಂತರ ಅವರ ಸಂಖ್ಯೆ ಬಹಳ ಇಳಿದಿದ್ದರೂ ಬಿಳಿ ಟೋಪಿ ಲೋಕಲ್ ರೈಲಿನಿಂದ ಮರೆಯಾಗಿಲ್ಲ. ಪುಣೆ ಜಿಲ್ಲೆಯ ಮಾವಳ, ಮುಳಶಿ, ಜುನ್ನರ್ ಕಡೆಯ ಹಳ್ಳಿಗಳಿಂದ ಬಂದ, ಹೆಚ್ಚಿನವರು ಶಾಲೆಯ ಆಚೆ ಓದದ ಇವರು ಗುಂಪು ಗುಂಪಾಗಿ ಕೆಲಸ ಮಾಡುತ್ತಾರೆ. ಪ್ರತಿ ಗುಂಪಿಗೆ ಅನುಭವಿಯಾದ ಒಬ್ಬ ಮುಕಾದಮ್, ಅಂದರೆ ಮುಂದಾಳು, ಇರುತ್ತಾನೆ. ಗಿರಾಕಿಯನ್ನು ಒಪ್ಪಿಕೊಳ್ಳುವುದು, ದರ ನಿಗದಿ ಮಾಡುವುದು, ಖರ್ಚು ಕಳೆದು ಉಳಿದದ್ದನ್ನು ಹಂಚಿಕೊಳ್ಳುವುದು ಎಲ್ಲವೂ ಗುಂಪಿನೊಳಗೇ ತೀರ್ಮಾನವಾಗುತ್ತದೆ. ದಾದರಿನಲ್ಲಿ ರೈಲು ತಡವಾದರೆ ಯಾವ ಡಬ್ಬಿಯನ್ನು ಯಾರ ಕೈಗೆ ದಾಟಿಸಬೇಕೆಂದು ಅಲ್ಲಿ ನಿಂತವನೇ ನಿರ್ಧರಿಸುತ್ತಾನೆ. ಮೇಲಿನವರಿಗೆ ಫೋನು ಮಾಡಿ ಅಪ್ಪಣೆ ಕೇಳುತ್ತ ನಿಂತರೆ ಊಟದ ಹೊತ್ತು ಮೀರುತ್ತದೆ. ಡಬ್ಬಿಯ ಮುಚ್ಚಳದ ಮೇಲಿನ ಬಣ್ಣದ ಗುರುತುಗಳು ಮಾತ್ರ ಎಲ್ಲರೂ ತಪ್ಪದೆ ಪಾಲಿಸಬೇಕಾದ ಬಿಗಿ ನಿಯಮಗಳಲ್ಲಿ ಸೇರಿವೆ. ಯಾವುದು ಬಿಗಿಯಾಗಿರಬೇಕು, ಯಾವುದನ್ನು ಸಡಿಲ ಬಿಡಬೇಕು ಎಂಬ ಈ ವಿವೇಕವೇ ಕಲಿಯಬೇಕಾದದ್ದು.

ನಿಮ್ಮಲ್ಲಿ ಇದನ್ನು ಹೀಗೆ ಮಾಡಬಹುದು. ಒಂದು ಹಾಳೆಯಲ್ಲಿ, ಕಳೆದ ವಾರ ನಿಮ್ಮ ಬಳಿಗೆ ಅಪ್ಪಣೆಗಾಗಿ ಬಂದ ವಿಷಯಗಳನ್ನೆಲ್ಲ ಬರೆಯಿರಿ: ಗ್ಯಾಸ್ ಸಿಲಿಂಡರ್ ತರಿಸುವುದು, ಹಾಳಾದ ತೊಗರಿಬೇಳೆ ಹಿಂದಿರುಗಿಸುವುದು, ಗಿರಾಕಿಯೊಬ್ಬನ ತಣ್ಣಗಾದ ಸಾಂಬಾರಿಗೆ ಬದಲಿ ಕೊಡುವುದು, ಭಾನುವಾರದ ಪಾಳಿ ಅದಲು ಬದಲು ಮಾಡಿಕೊಳ್ಳುವುದು. ಇವುಗಳಲ್ಲಿ ತಪ್ಪಾದರೂ ಐನೂರು ರೂಪಾಯಿಗಿಂತ ಹೆಚ್ಚು ನಷ್ಟವಾಗದವುಗಳಿಗೆ ಗೆರೆ ಎಳೆದು, ಆಯಾ ಕೆಲಸ ಮಾಡುವವರ ಹೆಸರನ್ನು ಅವುಗಳ ಮುಂದೆ ಬರೆದು, ಇನ್ನು ಮೇಲೆ ಇದನ್ನು ನನ್ನನ್ನು ಕೇಳಬೇಕಾಗಿಲ್ಲ ಎಂದು ಎಲ್ಲರೆದುರು ಹೇಳಿ. ಮೊದಲ ತಪ್ಪು ಎರಡು ವಾರದೊಳಗೆ ಆಗಿಯೇ ಆಗುತ್ತದೆ. ಅಂದು ನೀವು ನಾಲಿಗೆ ಕಚ್ಚಿಕೊಂಡು ಸುಮ್ಮನಿದ್ದರೆ ಮಾತ್ರ ಕೊಟ್ಟ ಅಧಿಕಾರ ನಿಜವಾದದ್ದೆಂದು ಅವರು ನಂಬುತ್ತಾರೆ.

ಕೆಲಸದ ಕೊನೆ ಕಾಣಿಸಲಿ

ಪುಣೆಯ ಭೋಸರಿಯಲ್ಲಿ ವಿಜಯಪುರದ ಕಡೆಯವರೊಬ್ಬರ ಸಣ್ಣ ಕಾರ್ಖಾನೆಯಿದೆ. ಲೇತ್ ಯಂತ್ರಗಳಲ್ಲಿ ಹಿತ್ತಾಳೆಯ ಬುಷ್ (ಶಾಫ್ಟ್ ಕೂರುವ ಬಳೆ) ಕಡೆದು ಕೊಡುವುದು ಅಲ್ಲಿನ ಕೆಲಸ. ಅಳತೆ ತಪ್ಪಿ ತಿರಸ್ಕೃತವಾದವು ಗುಜರಿಗೆ ಹೋಗುತ್ತವೆ, ಆ ಗುಜರಿ ಮಾರಾಟದ ಬಿಲ್ಲುಗಳು ನನ್ನ ಬಳಿ ಬರುತ್ತವೆ. ಬಿಲ್ಲಿನ ಮೊತ್ತ ಏರುತ್ತಿರುವುದನ್ನು ನಾನು ತೋರಿಸಿದಾಗ ಅವರು ದಂಡ ಹಾಕುವ ಯೋಚನೆ ಮಾಡಿದ್ದರು. ಅದರ ಬದಲು ಒಂದು ದಿನ, ಅದೇ ಬುಷ್ ಕೂಡುವ ನೀರಿನ ಪಂಪೊಂದನ್ನು ಕಾರ್ಖಾನೆಗೆ ತಂದು, ನೆಲದ ಮೇಲೆ ಗೋಣಿಚೀಲ ಹಾಸಿ ಬಿಚ್ಚಿ, ಬುಷ್ ಎಲ್ಲಿ ಕೂಡುತ್ತದೆ, ಒಂದು ಕೂದಲಿನಷ್ಟು ದಪ್ಪವಾದರೆ ಶಾಫ್ಟ್ ಹೇಗೆ ಬಿಗಿಯುತ್ತದೆ, ಆಗ ಮೋಟಾರು ಹೇಗೆ ಸುಡುತ್ತದೆ ಎಂದು ತೋರಿಸಿದರು. ಅಲ್ಲಿಯ ಹಳೆಯ ಲೇತ್ ಕೆಲಸಗಾರರೊಬ್ಬರು, ‘ಏನ್ರೀ ಸಾಹೇಬ್ರ, ಹತ್ತು ವರ್ಷ ಇದನ್ನ ಕಡದೀನಿ, ಇದು ಎಲ್ಲಿ ಕೂಡತದ ಅಂತ ಇವತ್ತ ನೋಡಿದೆ’ ಎಂದು ಹೇಳಿದರಂತೆ. ಮುಂದಿನ ತಿಂಗಳುಗಳಲ್ಲಿ ಗುಜರಿಯ ಬಿಲ್ಲು ಇಳಿಯುತ್ತ ಬಂತು. ಪಂಪ್ ಬಿಚ್ಚಿದ್ದರಿಂದಲೇ ಇಳಿಯಿತೆಂದು ಲೆಕ್ಕಿಗನಾದ ನಾನು ಪ್ರಮಾಣ ಮಾಡಲಾರೆ, ಆದರೆ ಆ ಅವಧಿಯಲ್ಲಿ ಯಂತ್ರವೂ ಬದಲಾಗಿರಲಿಲ್ಲ, ಜನರೂ ಬದಲಾಗಿರಲಿಲ್ಲ.

ಇದಕ್ಕೆ ಹತ್ತಿರವಾದ ಒಂದು ಪ್ರಯೋಗವನ್ನು ಮನಶ್ಶಾಸ್ತ್ರಜ್ಞ ಆಡಮ್ ಗ್ರಾಂಟ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ್ದಾರೆ. ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕಾಗಿ ಫೋನಿನಲ್ಲಿ ದೇಣಿಗೆ ಬೇಡುವ ಕೆಲಸದವರಲ್ಲಿ ಒಂದು ಗುಂಪಿಗೆ, ಆ ದೇಣಿಗೆಯಿಂದಲೇ ವಿದ್ಯಾರ್ಥಿವೇತನ ಪಡೆದ ವಿದ್ಯಾರ್ಥಿಯೊಬ್ಬರನ್ನು ಕೆಲವು ನಿಮಿಷ ಭೇಟಿ ಮಾಡಿಸಲಾಯಿತು. ಒಂದು ತಿಂಗಳ ನಂತರ ನೋಡಿದರೆ ಆ ಗುಂಪಿನವರು ಫೋನಿನಲ್ಲಿ ಕಳೆಯುವ ಸಮಯವೂ ಸಂಗ್ರಹಿಸಿದ ಹಣವೂ ಎರಡು ಪಟ್ಟಿಗಿಂತ ಹೆಚ್ಚಾಗಿದ್ದವು. ಮೇಲಧಿಕಾರಿಯ ಭಾಷಣ ಅಲ್ಲಿರಲಿಲ್ಲ, ಕೆಲಸದ ಫಲ ಉಂಡ ಮನುಷ್ಯ ಎದುರಿಗೆ ಬಂದು ಕುಳಿತದ್ದಷ್ಟೇ.

ಕಚೇರಿಯವರು ವಿಮೆಯ ಅರ್ಜಿ ಪರಿಶೀಲಿಸುತ್ತಿದ್ದರೆ, ಆ ಅರ್ಜಿಯಿಂದ ಹಣ ಸಿಕ್ಕ ಗಿರಾಕಿಯೊಬ್ಬರನ್ನು ಒಮ್ಮೆ ಕರೆಸಬಹುದು. ಹೋಟೆಲಿನವರಿಗೆ ಇನ್ನೂ ಸುಲಭ: ‘ಇಂದಿನ ರಸಂ ಯಾರು ಮಾಡಿದ್ದು?’ ಎಂದು ಕೇಳುವ ಗಿರಾಕಿಗೆ ‘ನಮ್ಮ ಹೋಟೆಲಿನದು’ ಎಂದು ಉತ್ತರಿಸುವ ಬದಲು ಒಳಗಿನಿಂದ ಅಡುಗೆಯವರನ್ನೇ ಕರೆದು ನಿಲ್ಲಿಸಿ. ಹೊಗಳುವುದಿದ್ದರೆ ನೀವೂ ಹೀಗೆ ನಿರ್ದಿಷ್ಟವಾಗಿ ಹೊಗಳಿ. ‘ಚೆನ್ನಾಗಿ ಮಾಡ್ತೀರಿ’ ಎಂಬುದು ಯಾರಿಗೂ ತಾಗದ ಮಾತು.

ಬಹುಮಾನ, ಬೋನಸ್, ದಂಡ

ದೀಪಾವಳಿಯ ಬೋನಸ್ ಕೊಟ್ಟೂ ಜನ ಹುರುಪಿನಿಂದ ದುಡಿಯುವುದಿಲ್ಲವೆಂದು ಕೊರಗುವ ಮಾಲೀಕರು ಒಂದು ವಿಷಯ ತಿಳಿದಿರಬೇಕು. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆ, ನಿಗದಿತ ಮಿತಿಯೊಳಗಿನ ಸಂಬಳದವರಿಗೆ ಕನಿಷ್ಠ ಶೇಕಡಾ 8.33 ಬೋನಸ್ ಕೊಡಬೇಕೆಂದು ಕಾನೂನೇ ಇದೆ. ಅಂದರೆ ವರ್ಷದ ಗಳಿಕೆಯ ಹನ್ನೆರಡನೆಯ ಒಂದು ಪಾಲು, ಹದಿಮೂರನೆಯ ಪಗಾರ. ಹಕ್ಕಾಗಿ ಬರುವುದಕ್ಕೆ ಕೃತಜ್ಞತೆಯನ್ನು ನಿರೀಕ್ಷಿಸುವುದು ಸರಿಯಲ್ಲ. ಅದನ್ನು ತಡೆಹಿಡಿದರೆ ದ್ವೇಷ ಹುಟ್ಟುತ್ತದೆ, ಕೊಟ್ಟರೆ ಶಾಂತಿ ಉಳಿಯುತ್ತದೆ. ಅದರಿಂದ ಅದಕ್ಕಿಂತ ಹೆಚ್ಚೇನೂ ಆಗದು.

‘ತಿಂಗಳ ಉತ್ತಮ ಕೆಲಸಗಾರ’ ಎಂದು ಫೋಟೋ ತೂಗುಹಾಕುವ ಪದ್ಧತಿಯ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಹದಿನೈದು ಜನರಲ್ಲಿ ಒಬ್ಬನನ್ನು ಆರಿಸಿದಾಗ ಹದಿನಾಲ್ಕು ಜನರಿಗೆ ನೀವು ಆಯ್ಕೆಯಾಗಲಿಲ್ಲ ಎಂದು ಹೇಳಿದಂತಾಗುತ್ತದೆ, ಮೂರನೆಯ ತಿಂಗಳಿಗೆ ಸರದಿಯ ಮೇಲೆ ಕೊಡುವಂತಾಗಿ ಫೋಟೋಗೆ ಬೆಲೆಯೇ ಉಳಿಯುವುದಿಲ್ಲ. ಇದಲ್ಲದೆ ಇನ್ನೂ ಆಳವಾದ ತೊಡಕೊಂದಿದೆ. 1973ರಲ್ಲಿ ಪ್ರಕಟವಾದ, ಮನಶ್ಶಾಸ್ತ್ರಜ್ಞರಾದ ಲೆಪ್ಪರ್, ಗ್ರೀನ್, ನಿಸ್ಬೆಟ್ ಅವರ ಪ್ರಯೋಗದಲ್ಲಿ, ತಾವಾಗಿಯೇ ಸಂತೋಷದಿಂದ ಚಿತ್ರ ಬರೆಯುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ರಿಬ್ಬನ್ನು ಅಂಟಿಸಿದ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿ ಬರೆಸಿದರು. ಆ ಬಳಿಕ ಬಹುಮಾನವಿಲ್ಲದ ಹೊತ್ತಿನಲ್ಲಿ ಆ ಮಕ್ಕಳು ಉಳಿದವರ ಅರ್ಧದಷ್ಟು ಸಮಯ ಮಾತ್ರ ಚಿತ್ರಕ್ಕೆ ಕೊಟ್ಟರು. ಮೊದಲೇ ಹೇಳದೆ ಕೊನೆಯಲ್ಲಿ ಅನಿರೀಕ್ಷಿತವಾಗಿ ಪ್ರಶಸ್ತಿ ಪಡೆದ ಮಕ್ಕಳಲ್ಲಿ ಹಾಗಾಗಲಿಲ್ಲ. ಇಷ್ಟದಿಂದ ಮಾಡುತ್ತಿದ್ದ ಕೆಲಸಕ್ಕೆ ಬೆಲೆಪಟ್ಟಿ ಅಂಟಿಸಿದರೆ ಇಷ್ಟ ಜಾರಿ ಬೆಲೆಯಷ್ಟೇ ಉಳಿಯುವ ಅಪಾಯವಿದೆ. ಎಣಿಸಬಹುದಾದ, ಬೇಸರ ತರಿಸುವ ಕೆಲಸಗಳಿಗೆ, ಉದಾಹರಣೆಗೆ ಹಬ್ಬದ ಹಿಂದಿನ ದಿನ ಸಾವಿರ ಪೊಟ್ಟಣ ಕಟ್ಟುವುದಕ್ಕೆ, ಪೊಟ್ಟಣಕ್ಕಿಷ್ಟು ಎಂದು ಹಣ ಕೊಡುವುದರಲ್ಲಿ ತಪ್ಪಿಲ್ಲ. ಅಲ್ಲಿ ಹಣ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ದಂಡದ ಕಥೆ ಇನ್ನೂ ಸ್ವಾರಸ್ಯಕರ. ಇಸ್ರೇಲಿನ ಹೈಫಾದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರಗಳಿಂದ ಸಂಜೆ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪಾಲಕರಿಗೆ ಕೆಲವು ಕೇಂದ್ರಗಳು 10 ಶೆಕೆಲ್ ದಂಡ ಹಾಕತೊಡಗಿದವು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಸುಮಾರು ಎರಡರಷ್ಟಾದರು. ದಂಡ ರದ್ದಾದ ಮೇಲೂ ಹಳೆಯ ಸ್ಥಿತಿಗೆ ಮರಳಲಿಲ್ಲ. ಅರ್ಥಶಾಸ್ತ್ರಜ್ಞರಾದ ಊರಿ ಗ್ನೀಜಿ ಮತ್ತು ಆಲ್ಡೊ ರುಸ್ಟಿಕಿನಿ 2000ದಲ್ಲಿ ಇದನ್ನು ಪ್ರಕಟಿಸಿದರು. ಮೊದಲು ನಾಚಿಕೆಯಿತ್ತು, ಆಮೇಲೆ ದರ ಬಂತು. ಹತ್ತು ನಿಮಿಷ ಮೀರಿದರೆ ಐವತ್ತು ರೂಪಾಯಿ ಕಡಿಯುವ ನಮ್ಮ ಕಚೇರಿಗಳಲ್ಲೂ ಇದೇ ಆಗುತ್ತದೆ; ವಿರಾರದಿಂದ ಲೋಕಲ್‌ನಲ್ಲಿ ಜೋತುಬಿದ್ದು ಬರುವವರು ಐವತ್ತು ಕೊಟ್ಟು ಅರ್ಧ ಗಂಟೆ ತಡವಾಗಿ ಖಾಲಿ ಗಾಡಿಯಲ್ಲಿ ಬರುತ್ತಾರೆ. ಅದರ ಬದಲು ಅವರನ್ನೇ ಕೇಳಿ ಬರುವ ಹೊತ್ತನ್ನು ಅರ್ಧ ಗಂಟೆ ಸರಿಸಿಕೊಡಿ, ಸಾಧ್ಯವಿದ್ದರೆ.

ಏಣಿ ಯಾರಿಗೆ ಕಾಣುತ್ತದೆ

ಕೋಟೆ ಪ್ರದೇಶ ಕಚೇರಿಗಳ ಜಾಗವಾದ್ದರಿಂದ ಅಲ್ಲಿನ ಹೋಟೆಲುಗಳು ಸಂಜೆಗೇ ಖಾಲಿಯಾಗುತ್ತಿದ್ದವು, ಕೆಲಸದ ಹುಡುಗರಿಗೆ ಕನ್ನಡ ರಾತ್ರಿ ಶಾಲೆಗೆ ಹೋಗಲು ಆಗುತ್ತಿತ್ತು. ನನ್ನ ಮೊದಲ ಧನಿಗಳು ಸಂಜೆ ಆರಕ್ಕೆ, ‘ಹೋಗು ಮಗ, ಗಂಟೆ ಹೊಡೆದೀತು’ ಎಂದು ಕೈಯಿಂದ ಬಟ್ಟೆ ಕಸಿದುಕೊಳ್ಳುತ್ತಿದ್ದರು. ಬೇರೆ ಕಡೆ ಪಗಾರ ಹೆಚ್ಚಿದ್ದರೂ ನಾನು ನಾಲ್ಕು ವರ್ಷ ಅಲ್ಲಿಯೇ ನಿಂತದ್ದು ಆ ಒಂದು ಮಾತಿಗೆ. ಅವರು ಹೋಟೆಲು ಮುಚ್ಚಿದ ಮೇಲೆ ಸೇರಿದ ಇನ್ನೊಂದು ಕಡೆ, ಪರೀಕ್ಷೆಗೆ ಬಿಡುತ್ತೇವೆಂದು ಒಪ್ಪಿ, ಪರೀಕ್ಷೆಯ ವಾರ ಬಂದಾಗ ಬಿಡಲಿಲ್ಲ. ಎರಡನೆಯ ದಿನ ನಾನು ಎಪ್ರನ್ ಕಳಚಿಟ್ಟು ಹೊರಟೆ.

ಕ್ಲೀನರ್ ಆದವನು ವೇಟರ್, ವೇಟರ್ ಆದವನು ಕ್ಯಾಪ್ಟನ್, ಆಮೇಲೆ ಮ್ಯಾನೇಜರ್, ಮುಂದೆ ಊರಿನವರ ಕೈಸಾಲದಲ್ಲಿ ಸ್ವಂತ ಹೋಟೆಲು: ನಮ್ಮ ಜನರನ್ನು ಈ ನಗರದಲ್ಲಿ ದುಡಿಸಿದ್ದು ಈ ಏಣಿ. ಅದು ಗೋಡೆಯ ಮೇಲೆ ಬರೆದಿರಲಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ, ಏಕೆಂದರೆ ಮೇಲಿದ್ದವರು ನಮ್ಮದೇ ಊರಿನವರು, ನಮ್ಮದೇ ಭಾಷೆಯವರು. ಇಂದು ಅದೇ ಹೋಟೆಲುಗಳಲ್ಲಿ ಒಡಿಶಾ, ಬಿಹಾರ, ಉತ್ತರ ಪ್ರದೇಶ, ನೇಪಾಳದ ಹುಡುಗರು ದುಡಿಯುತ್ತಿದ್ದಾರೆ. ಧನಿಗಳೂ ಮ್ಯಾನೇಜರರೂ ತಮ್ಮೊಳಗೆ ತುಳುವಿನಲ್ಲಿಯೋ ಕನ್ನಡದಲ್ಲಿಯೋ ಮಾತಾಡಿ ನಗುತ್ತಾರೆ. ಆ ಹುಡುಗನಿಗೆ ತಿಳಿಯುವುದು ‘ಏ, ಪಾನಿ ಲಾವ್’ ಎಂಬಷ್ಟೇ. ಅವನಿಗೆ ನಿಷ್ಠೆಯಿಲ್ಲ ಎಂದು ನಾವು ದೂರುತ್ತೇವೆ. ಏಣಿಯೇ ಕಾಣದವನು ಎಲ್ಲಿ ಕಾಲಿಡಬೇಕು?

ಆದ್ದರಿಂದ ಏಣಿಯನ್ನು ಹಿಂದಿಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಹಚ್ಚಿ: ಯಾವ ಮೆಟ್ಟಿಲಿಗೆ ಎಷ್ಟು ಪಗಾರ, ಅಲ್ಲಿಗೇರಲು ಏನು ಕಲಿತಿರಬೇಕು, ಕಲಿಸುವವರು ಯಾರು. ಕಲಿಸುವ ಹೊತ್ತು ಅದೇ ಮೌನದ ಗಂಟೆಯಾಗಲಿ. ವಾರಕ್ಕೆ ಎರಡು ದಿನ ಪಾತ್ರೆಯ ಹುಡುಗ ಕಾವಲಿಯ ಬಳಿ ನಿಲ್ಲಲಿ, ಕೆಟ್ಟ ದೋಸೆಗಳನ್ನು ಎಲ್ಲರೂ ತಿನ್ನಲಿ. ಅವನ ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿಯಿರಿ. ಅವನಿರುವಾಗ ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಮಾತಾಡಿ. ತುಳುವನ್ನೋ ಕನ್ನಡವನ್ನೋ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಆಸೆಯಿದ್ದವನಿಗೆ ನಾಲ್ಕು ಮಾತು ಕಲಿಸಿದರೆ ಅದೂ ಒಂದು ಮೆಟ್ಟಿಲೇ.

ಊರಿನ ರಜೆ

ಇದು ಸಣ್ಣ ವಿಷಯ, ಆದರೆ ಇದರಿಂದ ಮುರಿದ ಸಂಬಂಧಗಳು ಬಹಳ. ರೈಲಿನ ಟಿಕೇಟು ಈಗ 60 ದಿನ ಮೊದಲು ತೆರೆಯುತ್ತದೆ. ದೈವದ ನೇಮಕ್ಕೋ ಚೌತಿಗೋ ಊರಿಗೆ ಹೋಗಬೇಕಾದವನಿಗೆ ನೀವು ಹದಿನೈದು ದಿನ ಮೊದಲು ರಜೆ ಕೊಟ್ಟರೆ ಮತ್ಸ್ಯಗಂಧಾ ರೈಲಿನಲ್ಲಿ ಜಾಗ ಸಿಗುವುದಿಲ್ಲ. ಸಾಮಾನ್ಯ ಡಬ್ಬಿಯಲ್ಲಿ ನಿಂತು ಹೋದವನು ಮರಳುವಾಗ ನಿಮ್ಮನ್ನು ನೆನೆಯುವ ರೀತಿಯೇ ಬೇರೆ. ವರ್ಷದ ರಜೆಯ ಪಟ್ಟಿಯನ್ನು ಜನವರಿಯಲ್ಲಿಯೇ ಕೂತು ಬರೆಯಿರಿ. ಒಂದೇ ಹಬ್ಬಕ್ಕೆ ಇಬ್ಬರು ಕೇಳಿದರೆ ತೀರ್ಮಾನವನ್ನು ಅವರಿಗೇ ಬಿಡಿ.

ಮೂರು ತಿಂಗಳ ನಂತರ

ಫಲ ಬಂದಿದೆಯೇ ಎಂದು ತಿಳಿಯಲು ಯಾರನ್ನೂ ‘ಸಂತೋಷವಾಗಿದ್ದೀರಾ’ ಎಂದು ಕೇಳಬೇಕಾಗಿಲ್ಲ, ಹಾಜರಿ ಪುಸ್ತಕ ತೆರೆದರೆ ಸಾಕು. ಪಗಾರದ ಮರುದಿನದ ಗೈರುಹಾಜರಿ ನೋಡಿ. ಸೋಮವಾರದ ಹೊಟ್ಟೆನೋವುಗಳನ್ನು ಎಣಿಸಿ. ಊರಿಗೆ ಹೋದವರಲ್ಲಿ ಹೇಳಿದ ದಿನ ಮರಳಿದವರೆಷ್ಟು, ಮರಳದೇ ಫೋನು ಎತ್ತದವರೆಷ್ಟು ಎಂದು ಹಿಂದಿನ ವರ್ಷದ ಅದೇ ತಿಂಗಳುಗಳೊಡನೆ ಹೋಲಿಸಿ. ಎಲ್ಲರೂ ಬದಲಾಗುವುದಿಲ್ಲ. ಕೆಲವರಿಗೆ ಕೆಲಸವೆಂದರೆ ಪಗಾರ ಮಾತ್ರ, ಮನಸ್ಸು ಭಜನಾ ಮಂಡಳಿಯಲ್ಲಿಯೋ ಯಕ್ಷಗಾನದ ತಾಲೀಮಿನಲ್ಲಿಯೋ ಇರುತ್ತದೆ. ಹೇಳಿದ ಕೆಲಸವನ್ನು ಸರಿಯಾಗಿ ಮಾಡಿ ಹೊತ್ತಿಗೆ ಮನೆಗೆ ಹೋಗುವ ಅಂಥವರನ್ನು ಹುರಿದುಂಬಿಸುವ ಹಟ ಬೇಡ. ಇನ್ನು ಕೆಲವರ ಮಂಕಿಗೆ ಕಾರಣ ಮನೆಯಲ್ಲಿರುತ್ತದೆ, ಅದಕ್ಕೆ ನಿಮ್ಮ ಅಂಗಡಿಯಲ್ಲಿ ಮದ್ದಿಲ್ಲ. ಎರಡು ದಿನ ರಜೆ ಇದೆ.

ಠಾಣೆಯ ಆ ಧನಿಗಳು ಈಗ ನೋಟುಪುಸ್ತಕ ಇಟ್ಟಿದ್ದಾರೆ. ಕಳೆದ ತಿಂಗಳು ಬಿಲ್ಲುಗಳ ಜೊತೆಗೆ ಅದೂ ತಪ್ಪಿ ನನ್ನ ಚೀಲಕ್ಕೆ ಬಂದಿತ್ತು. ಮೂರನೆಯ ಪುಟದಲ್ಲಿ, ‘ಗ್ರೈಂಡರ್ ಬಳಿ ನೀರು ನಿಲ್ಲುತ್ತದೆ, ಕಾಲು ಜಾರುತ್ತದೆ’ ಎಂದಿತ್ತು. ಅದರ ಪಕ್ಕದಲ್ಲಿ ‘ನಾಳೆ’ ಎಂದು ಬರೆದು, ಹೊಡೆದುಹಾಕಿ, ‘ಆಯಿತು’ ಎಂದು ತಾರೀಖು ಹಾಕಿದ್ದರು. ಕೆಳಗೆ ಬೇರೆ ಶಾಯಿಯಲ್ಲಿ ಇನ್ನೊಂದು ಸಾಲು: ‘ಅಕ್ಕಿ: ಹೊಸ ಭಟ್ಟರನ್ನು ಕೇಳಿ ತರಿಸುವುದು.’